ಬಿಸಿಲು ಬಂದ ದಿನ ಮೊದಲು ಯಾರ ತೋಟಕ್ಕೆ?

ಊರಿನ ಯಾವ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ತೆಗೆದು ನೋಡಿದರೂ ಅದರಲ್ಲಿ ಇಬ್ಬರಾದರೂ ಸಮಾಜ ಸೇವಕರು ಇರುತ್ತಾರೆ. ಅವರ ಬಗ್ಗೆ ನನ್ನ ತಕರಾರಿಲ್ಲ. ರಕ್ತದಾನ ಶಿಬಿರ, ಶಾಲೆಗೆ ಬೆಂಚು, ಬಸ್ ನಿಲ್ದಾಣಕ್ಕೆ ಬಣ್ಣ ಇದನ್ನೆಲ್ಲ ಯಾರಾದರೂ ಮಾಡಬೇಕಲ್ಲ. ಆದರೆ ಕೃಷಿಕರಾದ ನಮಗೆ ಸೇವೆ ಅಂದರೆ ಏನು ಅಂತ ಯೋಚಿಸಿದರೆ ನನಗೆ ವೇದಿಕೆ, ಶಾಲು, ಹಾರ ನೆನಪಿಗೆ ಬರುವುದಿಲ್ಲ. ಆಟಿ ತಿಂಗಳಲ್ಲಿ ಎಂಟು ದಿನ ಬಿಡದೆ ಹೊಯ್ದ ಮಳೆ ನಿಂತು ಬೆಳಗ್ಗೆ ಒಂಬತ್ತಕ್ಕೆ ಬಿಸಿಲು ಬಿದ್ದ ದಿನ ನೆನಪಿಗೆ ಬರುತ್ತದೆ.

ಆ ದಿನ ಏನಾಗುತ್ತದೆ ಅಂತ ಅಡಿಕೆ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಮದ್ದು ಬಿಡುವವನ ಫೋನಿಗೆ ಬಿಡುವಿಲ್ಲ. ಇಡೀ ಬೈಲಿಗೆ ಮರ ಏರುವವರು ಇಬ್ಬರೋ ಮೂವರೋ. ಎಲ್ಲರಿಗೂ ಅವರು ಇವತ್ತೇ ಬೇಕು. ಮೊದಲು ಹೋಗುವುದು ಎರಡು ಮೂರು ದಿನದ ಕೆಲಸ ಒಟ್ಟಿಗೆ ಕೊಡುವ ದೊಡ್ಡ ತೋಟಕ್ಕೆ. ಅದು ಅವರ ತಪ್ಪೂ ಅಲ್ಲ, ನೂರು ಮರಕ್ಕಾಗಿ ಪಂಪು, ಪೈಪು ಹೊತ್ತುಕೊಂಡು ಗುಡ್ಡೆ ಹತ್ತಿ ಇಳಿಯುವುದು ಯಾರಿಗೂ ಗಿಟ್ಟುವುದಿಲ್ಲ. ಆಮೇಲೆ ಮುಂಗಡ ಕೊಟ್ಟವರು, ಆಮೇಲೆ ಮಾತಿನಲ್ಲಿ ಜೋರಿರುವವರು. ಕೊನೆಗೆ ಉಳಿಯುವುದು ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಗಂಡ ತೀರಿಹೋದ ಹೆಂಗಸಿನ ಮುಕ್ಕಾಲು ಎಕ್ರೆ. ಅವರ ಸರದಿ ಬರುವಷ್ಟರಲ್ಲಿ ಮತ್ತೆ ಮೋಡ.

'ಎಂತ ಮಾವ, ನಿಮ್ಮದು ಆಯ್ತಾ?' ಅಂತ ಕೇಳಿದರೆ, 'ಇಲ್ಲ ಮಾರಾಯ, ಜನ ಸಿಕ್ಕಿದರೆ ಅಲ್ವಾ' ಅನ್ನುತ್ತಾರೆ. ಕೇಳಿದವನೂ ಹೌದೌದು ಅಂತ ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಇದು ಬರೀ ಕನಿಕರದ ಪ್ರಶ್ನೆ ಅಲ್ಲ. ಕೊಳೆರೋಗಕ್ಕೆ ಬೇಲಿ ಗೊತ್ತಿಲ್ಲ. ಫೈಟೋಫ್ತೊರಾ ಎಂಬ ಈ ರೋಗಾಣು ಹರಡುವುದು ನೀರಿನಿಂದ. ರೋಗ ಬಂದ ಕಾಯಿಯ ಮೇಲೆ ಬಿದ್ದ ಹನಿ ಸಿಡಿದು, ಗಾಳಿಗೆ ಹಾರಿ, ಪಕ್ಕದ ಗೊನೆಗೆ, ಪಕ್ಕದ ಮರಕ್ಕೆ, ಪಕ್ಕದ ತೋಟಕ್ಕೆ ಹೋಗುತ್ತದೆ. ಉದುರಿದ ಅಡಿಕೆಯ ಮೈಮೇಲೆ ಬಿಳಿ ಬೂಸ್ಟು ಕಾಣುವ ಹೊತ್ತಿಗೆ ಮೇಲೆ ಎಷ್ಟು ಗೊನೆ ಹೋಗಿರುತ್ತದೋ ದೇವರೇ ಬಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ಬರಹ ಪ್ರಕಟಿಸಿದ. ಶೇಕಡಾ ಒಂದರ ಬೋರ್ಡೋ ದ್ರಾವಣ ಇವತ್ತಿಗೂ ನಮ್ಮ ಮುಖ್ಯ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ, ಮಳೆ ಉದ್ದ ಎಳೆದರೆ ಮೂರನೆಯದು. ನೂರು ವರ್ಷ ದಾಟಿದರೂ ಹೇಳುವುದಕ್ಕೆ ಇಷ್ಟೇ ಇರುವುದು. ಹೊತ್ತಿಗೆ ಸರಿಯಾಗಿ ಮಾಡುವುದರಲ್ಲಿ ಎಲ್ಲ ಇದೆ. 2013ರಲ್ಲಿ, ಮತ್ತೆ 2018ರಲ್ಲಿ ಮಳೆ ಬಿಡುವೇ ಕೊಡದಾಗ ಏನಾಯಿತು ಅಂತ ನೆನಪಿದೆಯಲ್ಲ.

ಹಾಗಿರುವಾಗ ಮದ್ದು ಬಿಡದೆ ಉಳಿದ ನೂರು ಮರ ಇಡೀ ಬೈಲಿನ ಸಂಗತಿ. ಅಲ್ಲಿ ಹತ್ತಿದ ರೋಗ ಮದ್ದು ಬಿಟ್ಟವನ ತೋಟದ ಅಂಚನ್ನೂ ಮುಟ್ಟುತ್ತದೆ. ನೆರೆಯ ಮುದುಕರ ತೋಟಕ್ಕೆ ಒಂದು ದಿನ ಮೊದಲು ಜನ ಬಿಟ್ಟುಕೊಟ್ಟರೆ ಅದರಲ್ಲಿ ನನ್ನ ಲಾಭವೂ ಇದೆ.

ಇಲ್ಲಿ ಕೆಲವರು ಕೇಳುತ್ತಾರೆ: 'ನಿಮ್ಮ ಲಾಭ ಇದ್ದ ಮೇಲೆ ಅದು ಸೇವೆ ಹೇಗಾಯಿತು? ಸ್ವಾರ್ಥ ಅಲ್ವಾ?' ನನಗೆ ಈ ಪ್ರಶ್ನೆಯೇ ಪೇಟೆಯದ್ದು ಅನ್ನಿಸುತ್ತದೆ. ತನ್ನದು ಒಂದೂ ಇಲ್ಲದೆ ಮಾಡಿದರೆ ಮಾತ್ರ ಸೇವೆ ಅನ್ನುವ ಲೆಕ್ಕ ಹಿಡಿದರೆ ಅದು ವರ್ಷಕ್ಕೊಮ್ಮೆ ಫೋಟೋ ತೆಗೆಸಿಕೊಳ್ಳುವುದಕ್ಕೆ ಸೀಮಿತವಾಗುತ್ತದೆ. ಬೈಲಿನಲ್ಲಿ ಬದುಕುವವರಿಗೆ ತನ್ನದು, ನೆರೆಯದ್ದು ಅಂತ ಅಷ್ಟು ಚಂದಕ್ಕೆ ಗೆರೆ ಎಳೆಯಲಿಕ್ಕೆ ಬರುವುದಿಲ್ಲ. ನೀರು ಒಂದೇ, ಗಾಳಿ ಒಂದೇ, ಮಂಗ ಬಂದರೆ ಎಲ್ಲರ ತೋಟಕ್ಕೂ ಬರುತ್ತದೆ.

ಘಟ್ಟದ ಮೇಲೆ ಮುಯ್ಯಾಳು ಅಂತ ಇತ್ತು. ಶಿರಸಿ ಕಡೆಯವರು ಮುರಿಯಾಳು ಅನ್ನುತ್ತಾರೆ. ಇವತ್ತು ನಾನು ನಿನ್ನಲ್ಲಿಗೆ, ನಾಳೆ ನೀನು ನನ್ನಲ್ಲಿಗೆ. ಅಲ್ಲಿ ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಇದೆ. ಎಷ್ಟು ಆಳು ಹೋಯಿತು, ಎಷ್ಟು ಬಂತು ಅಂತ ಎಲ್ಲರ ಮನಸ್ಸಿನಲ್ಲೂ ಇರುತ್ತಿತ್ತು. ಅದು ತಪ್ಪೂ ಅಲ್ಲ. ಲೆಕ್ಕ ಇದ್ದದ್ದರಿಂದಲೇ ತೆಗೆದುಕೊಳ್ಳುವವನಿಗೆ ನಾಚಿಕೆ ಇರಲಿಲ್ಲ. ಇವತ್ತು ನಮ್ಮ ಹಳ್ಳಿಗಳಲ್ಲಿ ಸಹಾಯ ಮಾಡುವವರು ಸಿಕ್ಕಿದರೂ ಕೇಳುವವರು ಸಿಗುವುದಿಲ್ಲ. ಎಂಬತ್ತು ವರ್ಷದ ಅಜ್ಜ ಅಂಗಳದ ಅಡಿಕೆಗೆ ಟಾರ್ಪಾಲು ತಾನೇ ಎಳೆದು ಬೀಳುತ್ತಾರೆಯೇ ಹೊರತು ಆಚೆ ಮನೆಯ ಹುಡುಗನನ್ನು ಕರೆಯುವುದಿಲ್ಲ. 'ಅವನಿಗೆ ಯಾಕೆ ಉಪದ್ರ' ಅಂತ.

ಇದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ, ಅವರಿಂದಲೂ ಏನಾದರೂ ಕೇಳಿ ತೆಗೆದುಕೊಳ್ಳುವುದು. ಕಸಿ ಕಟ್ಟುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಕಾಳುಮೆಣಸಿನ ಬಳ್ಳಿಯಲ್ಲಿ ಯಾವುದು ಊರಿನ ಹಳೇ ತಳಿ ಅಂತ ಅವರಿಗೆ ಗೊತ್ತು. ಮದುವೆಗೆ ಹೋದ ದಿನ ನಮ್ಮ ದನಕ್ಕೆ ಒಂದು ಹೊರೆ ಹುಲ್ಲು ಹಾಕಬಹುದು. ಅವರ ಮರಕ್ಕೆ ನಾವು ಮದ್ದು ಬಿಡಿಸಿಕೊಟ್ಟದ್ದಕ್ಕೆ ಇದು ಸಮ ಅಲ್ಲದೆ ಇರಬಹುದು. ಸಮ ಆಗಬೇಕು ಅಂತ ಯಾರು ಹೇಳಿದ್ದು? ಅವರು ಮುಂದಿನ ಸಲ ಕರೆಯುವುದಕ್ಕೆ ಅಷ್ಟು ಸಾಕು.

ತೋಡಿನ ಕಟ್ಟದ ಮಾತು ಹೇಳದೆ ಇದು ಮುಗಿಯುವುದಿಲ್ಲ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡು ಕಡೆ ಮಳೆಗಾಲ ಕಳೆದು ತೋಡಿನ ಹರಿವು ಇಳಿದ ಮೇಲೆ, ನವೆಂಬರ್ ಕೊನೆ ಡಿಸೆಂಬರ್ ಹೊತ್ತಿಗೆ, ಕಟ್ಟ ಹಾಕುವುದು. ಎರಡು ಸಾಲು ಕಾಡುಕಲ್ಲು, ನಡುವೆ ತುಳಿದು ಹದ ಮಾಡಿದ ಮಣ್ಣು. ಎಲ್ಲರೂ ಸೇರಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ. ಮುಂದಿನ ಮಳೆಗಾಲಕ್ಕೆ ಅದು ಹೋಗುತ್ತದೆ, ಮತ್ತೆ ಕಟ್ಟಬೇಕು. ಇದರ ವಿಚಿತ್ರ ಏನೆಂದರೆ ಹೆಚ್ಚು ದುಡಿದವನಿಗೇ ಹೆಚ್ಚು ನೀರು ಅಂತ ಇಲ್ಲ. ಕಟ್ಟದ ಮೇಲ್ಬದಿಯ ಎರಡೂ ದಡದ ಬಾವಿಗಳಲ್ಲಿ ನೀರು ಏರುತ್ತದೆ. ಕೆಲಸಕ್ಕೆ ಬಾರದವನ ಬಾವಿಯಲ್ಲೂ ಏರುತ್ತದೆ. ಕೆಳಗಿನವನಿಗೆ ತೋಡಿನಲ್ಲಿ ಹರಿವು ಕಡಿಮೆ ಆಯಿತು ಅಂತ ಮೊದಲಿಗೆ ಸಿಟ್ಟು. ಹಾಗಾಗಿ ಅವನೂ ಒಂದು ಕಟ್ಟ ಹಾಕುತ್ತಾನೆ. ಕಾಸರಗೋಡಿನ ಏತಡ್ಕದಲ್ಲಿ ಹೀಗೆ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕಿಕೊಂಡು ಬಂದ ಕೃಷಿಕರಿದ್ದಾರೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ.

ಬೇರೆ ಕಡೆ ಕಟ್ಟ ಯಾಕೆ ನಿಂತಿತು? ಜನ ಸಿಗುವುದಿಲ್ಲ ಅನ್ನುವುದು ಅರ್ಧ ಸತ್ಯ. ಉಳಿದ ಅರ್ಧ ಬೋರಿನಲ್ಲಿದೆ. ನೆಲದಡಿ ಎಷ್ಟೋ ಅಡಿಯಿಂದ ತನ್ನೊಬ್ಬನಿಗೆ ನೀರು ಬಂದ ಮೇಲೆ ತೋಡಿನಲ್ಲಿ ಕಲ್ಲು ಹೊರಲು ಯಾರು ಬರುತ್ತಾರೆ? ಕರ್ನಾಟಕದಲ್ಲಿ ಹತ್ತು ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟೂ ಪುಕ್ಕಟೆ. ಬೋರು ಇದ್ದವನು ಕಟ್ಟಕ್ಕೆ ಬಾರದೆ ಹೋದರೆ ಅವನಿಗೆ ಆ ವರ್ಷ ಏನೂ ನಷ್ಟವಿಲ್ಲ. ಬೋರು ಕೊರೆಸಲು ಆಗದ, ಮೂವತ್ತು ಅಡಿ ಬಾವಿಯನ್ನು ನಂಬಿದವನಿಗೆ ಮಾತ್ರ ಫೆಬ್ರವರಿಯಲ್ಲೇ ಕೊಡಪಾನ ಕೆಸರಿಗೆ ಮುಟ್ಟುತ್ತದೆ. ಈಗ ಮರಳು ತುಂಬಿದ ಗೊಬ್ಬರದ ಚೀಲ, ಪ್ಲಾಸ್ಟಿಕ್ ಶೀಟು ಬಳಸಿ ಹತ್ತು ಜನ ಒಂದು ದಿನದಲ್ಲಿ ಸಣ್ಣ ಕಟ್ಟ ಮುಗಿಸಬಹುದು. ಬೋರಿನವರು ಆ ಒಂದು ದಿನಕ್ಕೆ ಬರುತ್ತಾರಾ ಅನ್ನುವುದಷ್ಟೇ ಪ್ರಶ್ನೆ. ಹಾಗೆ ನೋಡಿದರೆ ಬೋರಿಗೆ ನೀರು ಇಳಿಯಬೇಕಾದರೂ ಮೇಲೆ ಎಲ್ಲೋ ನೀರು ನಿಲ್ಲಬೇಕಲ್ಲ.

ಇಷ್ಟು ಹೇಳಿ 'ಹಿಂದಿನ ಕಾಲ ಎಷ್ಟು ಚಂದ ಇತ್ತು' ಅಂತ ರಾಗ ಎಳೆಯುವವನು ನಾನಲ್ಲ. ಮುಯ್ಯಾಳಿನ ಲೆಕ್ಕ ಇದ್ದದ್ದು ಭೂಮಿ ಇದ್ದವರ ನಡುವೆ. ಮರಳಿ ಆಳು ಕೊಡಲು ಅವನಿಗೂ ಒಂದು ತೋಟ ಬೇಕಲ್ಲ? ತೋಟ ಇಲ್ಲದವನು ಎಲ್ಲರ ಕಟ್ಟಕ್ಕೂ ಕಲ್ಲು ಹೊತ್ತ, ಎಲ್ಲರ ಮರವನ್ನೂ ಏರಿದ. ಅವನ ಮನೆಯ ಮಾಡು ಸೋರಿದರೆ ಮುಯ್ಯಿಗೆ ಹೋದವರು ಎಷ್ಟು ಜನ? ಊಟ ಹಾಕಿದೆವು, ಹಳೇ ಬಟ್ಟೆ ಕೊಟ್ಟೆವು ಅನ್ನಬಹುದು. ಅದು ಮುಯ್ಯಿ ಅಲ್ಲ.

ಅಡಿಕೆ ಮರ ಏರುವವನ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಮುಖ್ಯ ಕಾರಣ ಅದೇ.

ಮಳೆಗಾಲದ ಮರ ಪಾಚಿ ಹಿಡಿದು ಜಾರುತ್ತದೆ. ಕಾಲಿಗೆ ತಳೆ, ಸೊಂಟಕ್ಕೆ ಹಗ್ಗ, ಕೈಯಲ್ಲಿ ಪೈಪು. ಒಂದು ಮರದಿಂದ ಇನ್ನೊಂದಕ್ಕೆ ಬಾಗಿಸಿ ದಾಟುವವರೂ ಇದ್ದಾರೆ. ವರ್ಷಕ್ಕೊಬ್ಬ ಬಿದ್ದ ಸುದ್ದಿ ಕೇಳದ ಊರು ನಮ್ಮ ಸೀಮೆಯಲ್ಲಿ ಕಡಿಮೆ. ಸತ್ತರೆ ಊರೆಲ್ಲ ಸೇರುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲ ಹೋದರೆ ಮೊದಲ ವಾರ ಆಸ್ಪತ್ರೆಯಲ್ಲಿ ಜಾತ್ರೆ, ಮೂರನೇ ತಿಂಗಳಿಗೆ ಮನೆಯಲ್ಲಿ ಹೆಂಡತಿ ಒಬ್ಬಳೇ.

ಮೊದಲ ಐದು ನಿಮಿಷದ ಮಾತು ಹೇಳುತ್ತೇನೆ. ಬಿದ್ದವನನ್ನು ಕಂಡ ಕೂಡಲೇ ನಾವು ಮಾಡುವುದು, ಒಬ್ಬ ಕಂಕುಳಿಗೆ ಇನ್ನೊಬ್ಬ ಕಾಲಿಗೆ ಕೈ ಹಾಕಿ ಎತ್ತಿ, ಮಡಚಿ, ರಿಕ್ಷಾದಲ್ಲಿ ಕೂರಿಸುವುದು. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಮುರಿದ ಬೆನ್ನುಮೂಳೆ ಆ ಎತ್ತುವಿಕೆಯಲ್ಲಿ ಸರಿದು ಹುರಿಗೆ ಇನ್ನಷ್ಟು ಪೆಟ್ಟು ಕೊಡಬಹುದು. ಬಿದ್ದವನನ್ನು ಕೂರಿಸಬಾರದು, ನಿಲ್ಲಿಸಿ ನೋಡಬಾರದು. ಒಬ್ಬ ತಲೆಯ ಬದಿ ಕೂತು ಎರಡು ಕೈಯಿಂದ ತಲೆ ಕುತ್ತಿಗೆ ಅಲುಗದಂತೆ ಹಿಡಿಯಬೇಕು. 108ಕ್ಕೆ ಫೋನ್ ಮಾಡಬೇಕು. ಅದು ಬರುವ ದಾರಿಯಲ್ಲದಿದ್ದರೆ ಮೂರು ನಾಲ್ಕು ಜನ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಮೈ ತಿರುಚದೆ ಒಂದು ಬದಿಗೆ ಹೊರಳಿಸಿ, ಅಡಿಗೆ ಅಗಲದ ಹಲಗೆ ಕೊಟ್ಟು, ಹಲಗೆ ಸಮೇತ ಎತ್ತಬೇಕು. ಹಲಗೆ ಇಲ್ಲದಿದ್ದರೆ ಕೊಟ್ಟಿಗೆಯ ಬಾಗಿಲು ಕಳಚಿದರೂ ಆದೀತು. ಜೀಪೋ ಪಿಕಪ್ಪೋ ಇದ್ದರೆ ರಿಕ್ಷಾ ಬೇಡ. ಇದಕ್ಕೆ ಡಾಕ್ಟರಾಗಬೇಕಾಗಿಲ್ಲ, ಬೈಲಿನ ಹತ್ತು ಜನರಿಗೆ ಗೊತ್ತಿದ್ದರೆ ಸಾಕು. ಊರಿನ ಸಂಘದವರು ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಲಿ, ಆರೋಗ್ಯ ಕೇಂದ್ರದವರನ್ನು ಕರೆದು ಮಾಡಿ ತೋರಿಸಲಿ.

ಆಮೇಲಿನದು ತಿಂಗಳುಗಳ ಕೆಲಸ. ಸೊಂಟದ ಕೆಳಗೆ ಸ್ಪರ್ಶ ಇಲ್ಲದವನಿಗೆ ಒಂದೇ ಕಡೆ ಮಲಗಿದರೆ ನೋವು ಗೊತ್ತಾಗುವುದಿಲ್ಲ. ಪೃಷ್ಠದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಎಷ್ಟೋ ಜನ ಪ್ರಾಣ ಬಿಡುವುದು ಬಿದ್ದ ಪೆಟ್ಟಿನಿಂದಲ್ಲ, ಈ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ. ಮಲಗಿದವನನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಒಬ್ಬಳೇ ಹೆಂಗಸು, ಹಗಲು ಬೀಡಿ ಕಟ್ಟಿ ಮಕ್ಕಳನ್ನು ಸಾಕುವವಳು, ಎಷ್ಟು ದಿನ ಮಾಡಿಯಾಳು? ಹಣ್ಣು ಬಿಸ್ಕೀಟು ಹಿಡಿದುಕೊಂಡು ಹೋಗಿ ಹತ್ತು ನಿಮಿಷ ಕೂತು 'ಎಲ್ಲ ಸರಿಯಾಗ್ತದೆ' ಅಂತ ಹೇಳಿ ಬರುವುದಕ್ಕಿಂತ, ವಾರದಲ್ಲಿ ಒಂದು ರಾತ್ರಿ ನಮ್ಮ ಮನೆಯಿಂದ ಒಬ್ಬ ಹೋಗಿ ಮಲಗುತ್ತಾನೆ ಅಂದರೆ ಆ ಹೆಂಗಸಿಗೆ ಒಂದು ರಾತ್ರಿ ನಿದ್ದೆ. ಏಳು ಮನೆ ಒಪ್ಪಿದರೆ ಒಂದು ವಾರ ಆಯಿತು. ಇಷ್ಟು ಹೇಳಿದರೆ 'ಅದು ಅವರ ಕುಟುಂಬದವರು ಮಾಡಬೇಕಾದ್ದು' ಅನ್ನುವವರನ್ನು ಕಂಡಿದ್ದೇನೆ. ಅವನು ಏರಿದ ಮರ ಅವನ ಕುಟುಂಬದ್ದಾಗಿತ್ತಾ?

ಬೀಳುವ ಮೊದಲು ಮಾಡಬಹುದಾದ್ದೂ ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅಂತ ಒಂದು ಅಪಘಾತ ವಿಮೆ 2015ರಿಂದ ಇದೆ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದೊಳಗೆ ಬ್ಯಾಂಕ್ ಖಾತೆ ಇದ್ದ ಯಾರೂ ಸೇರಬಹುದು. ಅಪಘಾತದಲ್ಲಿ ತೀರಿಹೋದರೆ ಮನೆಯವರಿಗೆ 2 ಲಕ್ಷ, ಎರಡೂ ಕಾಲುಗಳ ಬಳಕೆ ಮರಳಿ ಬಾರದಂತೆ ಹೋದರೂ 2 ಲಕ್ಷ. ಒಂದು ಕಾಲೋ ಒಂದು ಕೈಯೋ ಹೋದರೆ 1 ಲಕ್ಷ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ಅದಕ್ಕೆ ಆಯುಷ್ಮಾನ್ ಕಾರ್ಡ್ ಬೇರೆ ಮಾಡಿಸಬೇಕು. ಈ ವಿಮೆಯ ವರ್ಷ ಜೂನ್ 1ಕ್ಕೆ ಶುರು, ಮೇ 31ಕ್ಕೆ ಮುಗಿಯುವುದು. ನಮ್ಮ ಮೊದಲನೇ ಮದ್ದಿನ ಹೊತ್ತಿಗೇ ಸರಿಯಾಗಿ! ಆ ದಿನ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ಇಲ್ಲ. ಮರ ಏರುವವನ ಖಾತೆಯಲ್ಲಿ ದುಡ್ಡಿದೆಯಾ ಅಂತ ಮೇ ತಿಂಗಳಲ್ಲಿ ಕೇಳುವುದು ಯಾರ ಕೆಲಸ? ನೂರು ಲೀಟರ್ ದ್ರಾವಣದ ಮೈಲುತುತ್ತಿಗೆ ನಾವು ಕೊಡುವ ದುಡ್ಡಿನ ಮುಂದೆ ಈ 20 ರೂಪಾಯಿ ಎಷ್ಟರದ್ದು? ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗಿ ಫಾರಂ ತುಂಬಿಸಿ, ವಾರಸುದಾರರ ಹೆಸರು ಸರಿಯಿದೆಯಾ ನೋಡಿ ಬಂದರೆ ಅರ್ಧ ದಿನದ ಕೆಲಸ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಇದೆ.

ಈಗ ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ತೆಗೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಳ್ಳೆಯದು. ಆದರೆ ಅದರ ಬೆಲೆ ಸಣ್ಣ ಹಿಡುವಳಿಯವನ ಕೈಗೆ ಎಟುಕುವಂಥದ್ದಲ್ಲ. ನಾಲ್ಕು ಮನೆ ಸೇರಿ ಒಂದು ತೆಗೆದುಕೊಂಡರೆ ಆಗುತ್ತದೆ. ಸೇರುವುದೇ ಕಷ್ಟ. 'ಅವನು ಮುರಿದರೆ ಯಾರು ರಿಪೇರಿ ಮಾಡಿಸುವುದು' ಅನ್ನುವ ಮಾತಿಗೇ ಎಷ್ಟೋ ದೋಟಿ ಅಂಗಡಿಯಲ್ಲೇ ಉಳಿದಿವೆ.

ಸೇರುವುದು ನಮಗೆ ಬಾರದ ವಿದ್ಯೆಯೇನೂ ಅಲ್ಲ. ದೇಶದ ಮೊದಲ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗದ ಹತ್ತಿರದ ಕಣಗಿನಹಾಳದಲ್ಲಿ. ಪುತ್ತೂರಿನ ವಕೀಲರು ಮೊಳಹಳ್ಳಿ ಶಿವರಾಯರು ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಗಾಗಿ ಊರೂರು ತಿರುಗಿದರು. 1970ರ ದಶಕದ ಮೊದಲಿಗೆ ಅಡಿಕೆ ಧಾರಣೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಬೆಳೆಗಾರರನ್ನು ಕೂಡಿಸಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ಅವರೂ ತೋಟ ಇದ್ದ ಕೃಷಿಕರೇ. ಧಾರಣೆ ಏರಿದ್ದು ಎಲ್ಲರಿಗೂ, ಒಂದು ಷೇರು ಕೂಡ ತೆಗೆದುಕೊಳ್ಳದವನಿಗೂ. ಕಟ್ಟದ ನೀರಿನ ಹಾಗೆಯೇ. ಹಾಗಂತ ಎಲ್ಲ ಸಂಘಗಳೂ ಚೆನ್ನಾಗಿ ನಡೆಯುತ್ತಿವೆ ಅಂತ ನಾನು ಹೇಳುತ್ತಿಲ್ಲ, ಅದು ಇನ್ನೊಂದು ದಿನದ ಮಾತು.

ನಮ್ಮ ಬೈಲಿನಲ್ಲಿ ಹನ್ನೊಂದು ತೋಟ, ಮರ ಏರುವವರು ಮೂವರು. ಈ ವರ್ಷ ಎಪ್ರಿಲಿನಲ್ಲೇ ಒಂದು ಸಂಜೆ ಕೂತು ಪಟ್ಟಿ ಮಾಡಿದೆವು. ಮೂವರನ್ನೂ ಕರೆದಿದ್ದೆವು, ಅವರೂ ಮಾತಾಡಿದರು. ಅವರು ಕೇಳಿದ್ದು ಎರಡೇ: ಮಳೆ ಹನಿಯುವಾಗ 'ಇನ್ನು ನಾಲ್ಕು ಮರ ಮುಗಿಸು ಮಾರಾಯ' ಅಂತ ಒತ್ತಾಯ ಮಾಡಬಾರದು, ಸಂಬಳ ಅದೇ ದಿನ ಕೊಡಬೇಕು. ಒಪ್ಪಿದೆವು. ಮೂವರ ವಿಮೆ, ಸೊಂಟದ ಹೊಸ ಹಗ್ಗ ಹನ್ನೊಂದು ಮನೆಯ ಲೆಕ್ಕದಲ್ಲಿ. ದೊಡ್ಡ ತೋಟದ ಮೂರು ದಿನದ ಕೆಲಸವನ್ನು ಒಟ್ಟಿಗೆ ಕೊಡುವ ಬದಲು ಒಡೆದು ನಡುವೆ ಸಣ್ಣ ತೋಟ ಸೇರಿಸಿದರೆ, ಗುಡ್ಡೆ ಹತ್ತಿ ಇಳಿಯುವ ಬಾಡಿಗೆಯಂತೆ ಇಂತಿಷ್ಟು ಹೆಚ್ಚು ಕೊಡುವುದು ಅಂತಲೂ ಆಯಿತು. ಪಂಪು, ಪೈಪು ಹೊರಲು ಆ ದಿನ ಬಿಡುವಿದ್ದ ಮನೆಯವರು ಹೋಗುವುದು.

ಬಿಸಿಲು ಬಂದ ಮೊದಲ ದಿನ ಯಾರ ತೋಟಕ್ಕೆ ಎಂಬಲ್ಲಿ ಮಾತು ನಿಂತಿತು. ಅತಿ ಸಣ್ಣ ತೋಟದಿಂದ ಶುರು ಮಾಡಿ ಮೇಲೆ ಹೋಗುವುದು ಅಂತ ನಾನು ಹೇಳಿದೆ, ಅರ್ಧ ದಿನದಲ್ಲಿ ಎರಡು ತೋಟ ಮುಗಿಯುತ್ತದೆ. ಎಂಟು ಜನ ಒಪ್ಪಿದರು. ಎರಡು ಸಾವಿರ ಮರ ಇರುವ ಒಬ್ಬರು, 'ಅರ್ಧ ದಿನದಲ್ಲಿ ಮತ್ತೆ ಮಳೆ ಹಿಡಿದರೆ ನನ್ನ ನಷ್ಟ ಯಾರು ತುಂಬುತ್ತಾರೆ?' ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಚೀಟಿ ಎತ್ತೋಣ ಅಂತ ಇನ್ನೊಬ್ಬರು. ಕೊನೆಗೆ ಮೊದಲ ಮದ್ದಿಗೆ ಸಣ್ಣದರಿಂದ, ಎರಡನೆಯದಕ್ಕೆ ಚೀಟಿ ಅಂತ ನಿಕ್ಕಿ ಮಾಡಿದ್ದೇವೆ. ಮೂರನೆಯದರ ಮಾತು ಬಾಕಿ ಇದೆ. ನಿಮ್ಮ ಬೈಲಿನಲ್ಲಿ ಬೇರೆ ಯಾವುದಾದರೂ ಕ್ರಮ ಮಾಡಿಕೊಂಡಿದ್ದರೆ ಪತ್ರಿಕೆಗೆ ಎರಡು ಸಾಲು ಬರೆಯಿರಿ.